ಚಾಕರಿ ಮಾಡುವವರಿಗೂ ಒಂದು ಕೋಚಿಂಗ್

ನಮ್ಮ ಶಿರಸಿ ಸೀಮೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡು ಹೋಗಲು ಬರುವ ನೆಂಟರ ಮಾತು ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ಸಾಗುತ್ತದೆ. ‘ಈಗ ಹೇಗಿದ್ದಾರೆ, ಊಟ ಸೇರ್ತದಾ, ರಾತ್ರಿ ನಿದ್ದೆ ಉಂಟಾ’ ಎಂದು ಜಗಲಿಯಲ್ಲಿ ಕುಳಿತು ಕೇಳುತ್ತಾರೆ. ಒಳಗೆ ಹೋಗಿ ಮಂಚದ ಪಕ್ಕ ಎರಡು ನಿಮಿಷ ನಿಲ್ಲುತ್ತಾರೆ. ಕಷಾಯದ ಲೋಟ ತಂದುಕೊಟ್ಟ ಸೊಸೆಯ ಕಡೆ ತಿರುಗಿ ‘ನಿನಗೆ ಪುಣ್ಯ ಬರ್ತದೆ ತಂಗಿ’ ಎಂದು ಹೇಳಿ, ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಾರೆ. ಆ ಸೊಸೆಗೆ ರಾತ್ರಿ ನಿದ್ದೆ ಉಂಟೋ ಇಲ್ಲವೋ ಎಂದು ಯಾರೂ ಕೇಳಿರುವುದಿಲ್ಲ. ಬಂದವರಿಗೆ ಕರುಣೆ ಇರುವುದಿಲ್ಲವೆಂದೇನೂ ಅಲ್ಲ. ಆ ಪ್ರಶ್ನೆಗೆ ನಮ್ಮ ಮಾತಿನ ರೂಢಿಯಲ್ಲಿ ಜಾಗವಿಲ್ಲ, ಅಷ್ಟೆ.

ಆರೈಕೆ, ಶುಶ್ರೂಷೆ ಎಂಬವು ಬರವಣಿಗೆಯ ಪದಗಳು. ಮನೆಯೊಳಗೆ ಈ ಕೆಲಸಕ್ಕೆ ಇರುವ ಹೆಸರು ಚಾಕರಿ. ‘ಹನ್ನೊಂದು ವರ್ಷ ಅತ್ತೆಯ ಚಾಕರಿ ಮಾಡಿದಳು’ ಎಂದು ಹೇಳುವಾಗ ಅದರಲ್ಲಿ ಗೌರವವೂ ಇರುತ್ತದೆ, ಇನ್ನು ಮಾತಾಡುವುದೇನಿಲ್ಲ ಎಂಬ ಮುಕ್ತಾಯವೂ ಇರುತ್ತದೆ. ಈ ಚಾಕರಿ ಮಾಡುವವರ ಸ್ವಂತ ಕ್ಷೇಮಕ್ಕಾಗಿ ಈಗ ಹಲವೆಡೆ ಪ್ರಯೋಗಿಸುತ್ತಿರುವ ಒಂದು ಬಗೆಯ ಬೆಂಬಲಕ್ಕೆ ಕೋಚಿಂಗ್ ಎಂದು ಹೆಸರು. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡುವ ಪ್ರಯತ್ನವಿದೆ.

ಮೊದಲು ಹೊರೆಯ ಲೆಕ್ಕ. ಮನೆಯ ಹಿರಿಯರಿಗೆ ಲಕ್ವ ಹೊಡೆದರೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡುತ್ತಾರೆ, ಕಾರವಾರದ ಕಡೆಯವರಾದರೆ ಗೋವಾದ ಬಾಂಬೋಳಿಗೆ. ಹತ್ತು ಹದಿನೈದು ದಿನಗಳ ಮೇಲೆ ಮರಳಿ ಬರುವಾಗ ಕೈಯಲ್ಲಿ ಡಿಸ್ಚಾರ್ಜ್ ಕಾರ್ಡು ಇರುತ್ತದೆ. ಅದರಲ್ಲಿ ಮಾತ್ರೆಗಳ ಹೆಸರಿರುತ್ತದೆ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಎಂದಿರುತ್ತದೆ. ಬದಲಿಸುವವರು ಯಾರು, ಅವರ ಸೊಂಟ ಗಟ್ಟಿ ಇದೆಯೇ, ರಾತ್ರಿ ಹನ್ನೆರಡು, ಎರಡು ಮತ್ತು ನಾಲ್ಕಕ್ಕೆ ಎದ್ದವರು ಬೆಳಿಗ್ಗೆ ಕೊಟ್ಟಿಗೆಗೆ ಹೋಗುವುದು ಹೇಗೆ ಎಂಬುದಕ್ಕೆ ಆ ಕಾರ್ಡಿನಲ್ಲಿ ಕಲಂ ಇಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರ ಸಂಬಳವಿಲ್ಲದ ಆರೈಕೆಯಲ್ಲಿ ದಿನವೊಂದರಲ್ಲಿ ತೊಡಗುವ ಗಂಡಸರು ಶೇಕಡಾ 14, ಹೆಂಗಸರು ಶೇಕಡಾ 27.6; ಹಾಗೆ ತೊಡಗಿದವರಲ್ಲಿಯೂ ಗಂಡಸರು ಕೊಡುವ ಹೊತ್ತು 76 ನಿಮಿಷ, ಹೆಂಗಸರು ಕೊಡುವ ಹೊತ್ತು 134 ನಿಮಿಷ. ಮಕ್ಕಳನ್ನು ನೋಡಿಕೊಳ್ಳುವುದೂ ಈ ಲೆಕ್ಕದಲ್ಲಿ ಸೇರಿದೆ ಎಂಬುದನ್ನು ಗಮನದಲ್ಲಿಟ್ಟರೂ, ಹೊರೆ ಯಾವ ಹೆಗಲಿನ ಮೇಲಿದೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಆದರೆ ನಿಮಿಷಗಳಿಂದ ಅಳೆಯಲಾಗದ ಭಾಗವೊಂದಿದೆ. ಅಮೆರಿಕದ ಸ್ಟೀವನ್ ಝಾರಿಟ್ ಮತ್ತು ಅವರ ಸಹೋದ್ಯೋಗಿಗಳು 1980ರಲ್ಲಿ ರೂಪಿಸಿದ ಪ್ರಶ್ನಾವಳಿಯ ಪ್ರಚಲಿತ ರೂಪದಲ್ಲಿ 22 ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 88. ಎಷ್ಟು ಸಲ ಮೈ ಒರೆಸಿದಿರಿ ಎಂದು ಅದು ಕೇಳುವುದಿಲ್ಲ. ನಿಮಗಾಗಿ ಹೊತ್ತೇ ಉಳಿಯುತ್ತಿಲ್ಲ ಎನ್ನಿಸುತ್ತದೆಯೇ, ಅವರ ಹತ್ತಿರ ಇರುವಾಗ ಸಿಟ್ಟು ಬರುತ್ತದೆಯೇ, ಇನ್ನೂ ಹೆಚ್ಚು ಮಾಡಬೇಕಿತ್ತು ಎಂದು ಅನ್ನಿಸುತ್ತದೆಯೇ ಎಂಬ ಧಾಟಿಯ ಪ್ರಶ್ನೆಗಳು ಅವು. ಸಿಟ್ಟು ಬರುವುದು ಮತ್ತು ಸಾಲದು ಎನ್ನಿಸುವುದು, ಇವೆರಡೂ ಒಂದೇ ಮನಸ್ಸಿನಲ್ಲಿ, ಒಂದೇ ಮಧ್ಯಾಹ್ನದೊಳಗೆ ಹಾದುಹೋಗಬಲ್ಲವು ಎಂಬುದು ಚಾಕರಿ ಮಾಡಿದವರಿಗೆ ಗೊತ್ತು.

ಈ ಭಾವನೆಗಳಿಗೇಕೆ ಇಷ್ಟು ಮಹತ್ವ ಎಂಬುದಕ್ಕೆ 1999ರಲ್ಲಿ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ಪ್ರಕಟಿಸಿದ ಅಧ್ಯಯನವನ್ನು ನೋಡಬೇಕು. ಕಾಯಿಲೆಯ ಸಂಗಾತಿಯನ್ನು ನೋಡಿಕೊಳ್ಳುತ್ತಿದ್ದ ವೃದ್ಧರನ್ನು ನಾಲ್ಕು ವರ್ಷ ಗಮನಿಸಿದಾಗ, ಆರೈಕೆಯಿಂದ ಬಳಲಿಕೆ ಅನುಭವಿಸುತ್ತಿದ್ದವರಲ್ಲಿ ಸಾವಿನ ಅಪಾಯ ಆರೈಕೆಯ ಹೊಣೆಯಿಲ್ಲದವರಿಗಿಂತ ಶೇಕಡಾ 63ರಷ್ಟು ಹೆಚ್ಚಿತ್ತು. ಆದರೆ ಆರೈಕೆ ಮಾಡುತ್ತಿದ್ದೂ ಬಳಲಿಕೆ ಇಲ್ಲವೆಂದವರಲ್ಲಿ ಆ ಏರಿಕೆ ಕಾಣಲಿಲ್ಲ. ಆ ಬಳಿಕ ಬಂದ ಕೆಲವು ದೊಡ್ಡ ಅಧ್ಯಯನಗಳಲ್ಲಂತೂ ಆರೈಕೆದಾರರ ಒಟ್ಟಾರೆ ಸಾವಿನ ಪ್ರಮಾಣ ಉಳಿದವರಿಗಿಂತ ಕಡಿಮೆಯೇ ಇತ್ತು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವೆನಿಸಬಹುದು. ಕೂಡಿಸಿ ಓದಿದರೆ ಆರೈಕೆಯ ಕೆಲಸ ಬೇರೆ, ಅದರೊಳಗೆ ಸಿಕ್ಕಿಬಿದ್ದ ಭಾವ ಬೇರೆ ಎಂದು ತಿಳಿಯುತ್ತದೆ. ಕೆಲಸವನ್ನು ತೆಗೆದುಹಾಕಲು ಆಗದ ಮನೆಯಲ್ಲಿಯೂ ಸಿಕ್ಕಿಬಿದ್ದ ಭಾವವನ್ನು ಸಡಿಲಿಸಲು ಸಾಧ್ಯವೇ? ಕೋಚಿಂಗ್ ಎತ್ತಿಕೊಳ್ಳುವುದು ಈ ಒಂದು ಪ್ರಶ್ನೆಯನ್ನು.

ಕೋಚಿಂಗ್ ಎಂದೊಡನೆ ನಮಗೆ ನೆನಪಾಗುವುದು ಸಿಇಟಿ, ನೀಟ್ ತರಗತಿಗಳು. ಅದು ತಪ್ಪೂ ಅಲ್ಲ. ಹಂಗೇರಿಯ ಕೋಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಸುಖಾಸನದ ಬಂಡಿಯಿಂದ ಈ ಪದ ಹುಟ್ಟಿತು, ವಿದ್ಯಾರ್ಥಿಯನ್ನು ಪರೀಕ್ಷೆಯ ಆಚೆ ದಡಕ್ಕೆ ಸಾಗಿಸುವ ಮೇಷ್ಟರಿಗೆ ಇಂಗ್ಲೆಂಡಿನ ವಿದ್ಯಾರ್ಥಿಗಳು ತಮಾಷೆಗೆ ಅದನ್ನು ಅಂಟಿಸಿದರು. ಆದರೆ ಇಲ್ಲಿ ಹೇಳುತ್ತಿರುವ ಕೋಚಿಂಗಿನಲ್ಲಿ ಬಂಡಿ ಓಡಿಸುವವರು ಆರೈಕೆದಾರರೇ. ಕೋಚ್ ಪಾಠ ಹೇಳುವುದಿಲ್ಲ, ರೋಗದ ಚಿಕಿತ್ಸೆ ಮಾಡುವುದಿಲ್ಲ, ‘ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಎಂದು ಸಲಹೆಯನ್ನೂ ಕೊಡುವುದಿಲ್ಲ. ನಿಮಗೇನು ಬೇಕು, ಈಗ ಪರಿಸ್ಥಿತಿ ಹೇಗಿದೆ, ಯಾವ ಯಾವ ದಾರಿಗಳಿವೆ, ಅವುಗಳಲ್ಲಿ ಈ ವಾರ ಯಾವುದನ್ನು ಹಿಡಿಯುತ್ತೀರಿ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಮಾತನ್ನು ನಡೆಸುತ್ತಾರೆ. ಬ್ರಿಟನ್ನಿನ ಜಾನ್ ವಿಟ್‌ಮೋರ್ 1990ರ ದಶಕದಲ್ಲಿ ಜನಪ್ರಿಯಗೊಳಿಸಿದ ಈ ಕ್ರಮ ಮೂಲತಃ ಕಂಪನಿಗಳ ಅಧಿಕಾರಿಗಳಿಗಾಗಿ ಇದ್ದದ್ದು. ಕೌನ್ಸೆಲಿಂಗ್ ನೋವಿನ ಮೂಲಕ್ಕೆ ಇಳಿಯುತ್ತದೆ. ಕೋಚಿಂಗ್ ಮುಂದಿನ ಬುಧವಾರವನ್ನು ನೋಡುತ್ತದೆ. ನಡುವಿನ ಗೆರೆ ಯಾವಾಗಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲ, ಅದನ್ನು ಮುಂದೆ ನೋಡೋಣ.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಶಿರಸಿಯಿಂದ ಒಂದಿಷ್ಟು ದೂರದ ಒಂದು ತೋಟದ ಮನೆಯನ್ನು ಎದುರಿಗಿಟ್ಟುಕೊಳ್ಳೋಣ. ಇಂಥ ಹಲವು ಮನೆಗಳಲ್ಲಿ ಕಂಡದ್ದನ್ನು ಹೆಣೆದ ಚಿತ್ರವಿದು, ಯಾವುದೇ ಒಂದು ಮನೆಯದಲ್ಲ. ಮಾವನಿಗೆ ಬಲಗಡೆ ಸ್ವಾಧೀನವಿಲ್ಲ, ಬೆನ್ನಿನಲ್ಲಿ ಹುಣ್ಣು ಶುರುವಾಗಿದೆ. ಸೊಸೆಗೆ ನಲವತ್ತೆರಡು ವರ್ಷ. ಗಂಡ ತೋಟ ನೋಡಿಕೊಳ್ಳುತ್ತಾನೆ, ಮೈದುನ ಬೆಂಗಳೂರಿನಲ್ಲಿದ್ದಾನೆ, ನಾದಿನಿಯನ್ನು ಕುಮಟೆಗೆ ಕೊಟ್ಟಿದೆ. ಕೋಚ್ ಆಗಿ ಬಂದವರು ತರಬೇತಿ ಪಡೆದ ನಿವೃತ್ತ ಶಿಕ್ಷಕಿ.

‘ನಿನಗೇನು ಬೇಕು ತಂಗಿ?’ ಎಂದು ಅವರು ಕೇಳಿದರೆ ಸೊಸೆ ಹೇಳುವುದು, ‘ಮಾವನ ಹುಣ್ಣು ಮಾಯಬೇಕು ಅಕ್ಕೋರೆ.’

‘ಅದು ಮಾವನಿಗೆ ಬೇಕಾದದ್ದು. ನಿನಗೆ?’

ಇಲ್ಲಿ ಮೌನ ಬರುತ್ತದೆ. ಕೋಚ್ ಆದವರು ಕಲಿಯಬೇಕಾದ ಅತಿ ಕಷ್ಟದ ಪಾಠವೆಂದರೆ ಈ ಮೌನವನ್ನು ತುಂಬಲು ಹೋಗದಿರುವುದು, ಅದರಲ್ಲೂ ನಲವತ್ತು ವರ್ಷ ತರಗತಿಯಲ್ಲಿ ಉತ್ತರ ಹೇಳಿಕೊಟ್ಟ ಅಕ್ಕೋರಿಗೆ. ತುಸು ಹೊತ್ತಿನ ಮೇಲೆ ಉತ್ತರ ಬರುತ್ತದೆ: ‘ಒಂದು ನಾಲ್ಕು ತಾಸು ಯಾರೂ ಕರೆಯದೆ ಮಲಗಬೇಕು.’

ಗುರಿ ಸಿಕ್ಕಿತು. ಇದು ಎಷ್ಟು ಚಿಕ್ಕದೆಂದು ಓದುವವರಿಗೆ ಅನ್ನಿಸಬಹುದು, ಆದರೆ ಇದಕ್ಕಿಂತ ದೊಡ್ಡ ಗುರಿಗಳು ಮೊದಲ ವಾರವೇ ಮುರಿದುಬೀಳುತ್ತವೆ. ಈಗಿನ ಪರಿಸ್ಥಿತಿಯನ್ನು ಕಾಗದದ ಮೇಲೆ ಬರೆದಾಗ, ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಅವಳು ಮೂರು ಸಲ ಏಳುತ್ತಾಳೆ ಎಂಬುದು ಗಂಡನಿಗೂ ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ. ಬುಧವಾರ ಮತ್ತು ಶನಿವಾರ ರಾತ್ರಿ ಎರಡರ ಪಾಳಿ ಗಂಡನದು ಎಂದು ಗೊತ್ತುಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಗುರುತು ಹಾಕುತ್ತಾರೆ. ಮಗ್ಗುಲು ಬದಲಿಸುವ ಬಗೆ ಅವನಿಗೆ ಗೊತ್ತಿಲ್ಲ. ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿನ ಕೆಳಗೆ ಅಡ್ಡ ಹಾಸಿ, ಅದರ ಅಂಚು ಹಿಡಿದು ಎಳೆದರೆ ಚರ್ಮ ಉಜ್ಜದೆ ಮೈ ಹೊರಳುತ್ತದೆ ಎಂದು ಹೆಂಡತಿಯೇ ಅವನಿಗೆ ತೋರಿಸಿಕೊಡುತ್ತಾಳೆ. ಅವಳಿಗೆ ಇಷ್ಟು ಗೊತ್ತಿದೆ ಎಂಬುದು ಆ ಮನೆಯಲ್ಲಿ ಅದುವರೆಗೆ ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಎರಡನೆಯ ವಾರ ಯೋಜನೆ ಬಿದ್ದುಹೋಗುತ್ತದೆ. ಕೊಯ್ಲಿನ ಕಾಲ, ಗಂಡ ಹನ್ನೆರಡರವರೆಗೆ ಅಂಗಳದಲ್ಲಿ ಅಡಿಕೆ ಸುಲಿದು ಮಲಗಿದವನು ಎರಡಕ್ಕೆ ಏಳುವುದಿಲ್ಲ. ಕೋಚಿಂಗಿನ ನಿಜವಾದ ಕೆಲಸ ಶುರುವಾಗುವುದು ಇಲ್ಲಿ ಎಂದು ನನ್ನ ಅನಿಸಿಕೆ. ಸಲಹೆ ಕೊಡುವವರು ನಮ್ಮಲ್ಲಿ ಮನೆಗೆ ಹತ್ತು ಮಂದಿ. ಸಲಹೆ ಏನಾಯಿತು ಎಂದು ಮುಂದಿನ ವಾರ ಕೇಳಲು ಬರುವವರು ಯಾರೂ ಇಲ್ಲ. ಅಕ್ಕೋರು ಬಂದು ಗಂಡನನ್ನು ದೂರುವುದಿಲ್ಲ, ‘ಹೇಗೂ ಹನ್ನೆರಡರವರೆಗೆ ಎಚ್ಚರಿರುವವರು ಯಾರು?’ ಎಂದಷ್ಟೇ ಕೇಳುತ್ತಾರೆ. ಉತ್ತರ ಆ ಪ್ರಶ್ನೆಯಲ್ಲೇ ಇದೆ. ಕೊಯ್ಲು ಮುಗಿಯುವವರೆಗೆ ಹತ್ತೂವರೆಯ ಮತ್ತು ಹನ್ನೆರಡೂವರೆಯ ಪಾಳಿ ಗಂಡನದು, ಅವಳು ಎಂಟೂವರೆಗೆ ಮಲಗುತ್ತಾಳೆ. ಎಂಟೂವರೆಯಿಂದ ಎರಡೂವರೆಗೆ ಆರು ತಾಸು.

ದಾರಿಗಳನ್ನು ಹುಡುಕುವ ಹಂತದಲ್ಲಿ ನಮ್ಮ ಕಡೆ ಇನ್ನೊಂದು ವಿಷಯ ಮುಂದೆ ಬರಬೇಕಾಗಿದೆ. ಅಡಿಕೆ ಸುಲಿಯಲು, ಸೊಪ್ಪು ಹೊರಲು ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಕೆಲಸದಿಂದಲೇ ಕೆಲಸದ ಋಣ ತೀರಿಸುವ ಮುಯ್ಯಾಳಿನ ಪದ್ಧತಿ ನಮಗೆ ಹೊಸದಲ್ಲ. ಆದರೆ ‘ಇವತ್ತು ಮಧ್ಯಾಹ್ನ ನಮ್ಮ ಮಾವನ ಹತ್ತಿರ ಎರಡು ತಾಸು ಕೂತಿರು, ನಾಳೆ ನಿಮ್ಮನೆ ಹಪ್ಪಳಕ್ಕೆ ನಾನು ಬರುತ್ತೇನೆ’ ಎಂದು ಯಾರೂ ಹೇಳುವುದಿಲ್ಲ. ಹಪ್ಪಳ ಕೆಲಸ, ಚಾಕರಿ ಕರ್ತವ್ಯ. ಕರ್ತವ್ಯಕ್ಕೆ ಮುಯ್ಯಿ ಇಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಕೋಚ್ ಈ ನಂಬಿಕೆಯೊಡನೆ ವಾದಕ್ಕಿಳಿಯಬಾರದು. ಕೇಳಿ ನೋಡಬಹುದಾದ ಒಬ್ಬರು ಯಾರು ಎಂದು ಕೇಳಿದರೆ ಸಾಕು.

ಕರಾವಳಿಯಲ್ಲಿ ಲೆಕ್ಕವೇ ಬೇರೆ. ಕಾರವಾರ, ಅಂಕೋಲೆಯ ಮೀನುಗಾರರ ಮನೆಗಳಲ್ಲಿ ನೆರೆಹೊರೆ ಹತ್ತಿರವಿದೆ, ಕರೆದರೆ ಕೇಳುವಷ್ಟು; ಆದರೆ ಟ್ರಾಲರ್ ಬೋಟಿಗೆ ಹೋದ ಗಂಡಸರು ದಿನಗಟ್ಟಲೆ ಮನೆಯಲ್ಲಿರುವುದಿಲ್ಲ, ಹೆಂಗಸರಿಗೆ ಮೀನು ಮಾರುವ ಕೆಲಸ ತಪ್ಪಿದ್ದಲ್ಲ. ಅಲ್ಲಿ ಪಾಳಿ ಹಂಚುವ ಮಾತು ಎತ್ತಲು ತಕ್ಕ ಕಾಲವೆಂದರೆ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧದ 61 ದಿನಗಳು. ಗಂಡಸರು ಮನೆಯಲ್ಲಿರುವ ಆ ಎರಡು ತಿಂಗಳಲ್ಲಿ ಅವರ ಕೈಗೆ ಬಂದ ಕೆಲಸ ಆಗಸ್ಟಿನ ನಂತರವೂ ಒಂದಿಷ್ಟು ಉಳಿದುಕೊಳ್ಳಬಹುದು.

ಇದೆಲ್ಲ ಬರೀ ಮಾತೇ, ಇದರಿಂದ ನಿಜಕ್ಕೂ ಪ್ರಯೋಜನ ಕಂಡಿದೆಯೇ? ಕೋಚಿಂಗ್ ಎಂಬ ಹೆಸರಿಟ್ಟುಕೊಳ್ಳದೆಯೂ ಅದೇ ಜಾತಿಯ ಎರಡು ಪ್ರಯೋಗಗಳು ಇಲ್ಲಿ ಉಪಯುಕ್ತ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗಿಲ್ ಲಿವಿಂಗ್‌ಸ್ಟನ್ ತಂಡ, ಮರೆಗುಳಿ ಕಾಯಿಲೆಯವರನ್ನು ನೋಡಿಕೊಳ್ಳುವ 260 ಮಂದಿ ಕುಟುಂಬದವರೊಡನೆ ನಡೆಸಿದ ಸ್ಟಾರ್ಟ್ ಎಂಬ ಕಾರ್ಯಕ್ರಮದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರಿಗೆ ಎಂಟು ಭೇಟಿಗಳು. ನಡೆಸಿಕೊಟ್ಟವರು ವೈದ್ಯರಲ್ಲ, ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದ ಮನಶ್ಶಾಸ್ತ್ರದ ಪದವೀಧರರು. ಆರೈಕೆದಾರರ ಆತಂಕ ಮತ್ತು ಖಿನ್ನತೆ ಕಡಿಮೆಯಾದವು, ಎರಡು ವರ್ಷಗಳ ಮೇಲೆ ನೋಡಿದಾಗಲೂ ಆ ಪರಿಣಾಮ ಉಳಿದಿತ್ತು.

ಎರಡನೆಯದು ನಮ್ಮ ಮಗ್ಗುಲಿನದೇ. ಕಾಳಿ ನದಿ ದಾಟಿ ಮಾಜಾಳಿಯ ಗಡಿ ಕಳೆದರೆ ಗೋವಾ. ಅಲ್ಲಿ ಅಮಿತ್ ಡಯಾಸ್ ಮತ್ತು ಸಂಗಡಿಗರು ಬಾರ್ದೇಶ್, ತಿಸವಾಡಿ ತಾಲೂಕುಗಳ ಮರೆಗುಳಿ ರೋಗಿಗಳ 81 ಕುಟುಂಬಗಳಲ್ಲಿ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಊರಿನವರೇ ಆದ, ವೈದ್ಯಕೀಯ ಪದವಿಯಿಲ್ಲದ ಗೃಹ ಆರೈಕೆ ಸಲಹೆಗಾರರು ಆರು ತಿಂಗಳ ಕಾಲ ಮನೆಗಳಿಗೆ ಹೋಗಿ ಕಾಯಿಲೆಯ ವಿಷಯ ತಿಳಿಸಿದರು, ಕಷ್ಟದ ವರ್ತನೆಯನ್ನು ನಿಭಾಯಿಸುವ ಬಗೆ ಮಾತಾಡಿದರು, ಬೇಕಾದಲ್ಲಿ ವೈದ್ಯರಿಗೆ ತಲುಪಿಸಿದರು. ಫಲಿತಾಂಶವನ್ನು ಎಚ್ಚರದಿಂದ ಓದಬೇಕು. ರೋಗಿಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಿರಲಿಲ್ಲ. ಮೊದಲು ಹೇಳಿದ ಝಾರಿಟ್ ಪ್ರಶ್ನಾವಳಿಯ ಅಂಕದಲ್ಲಿಯೂ ಖಚಿತವೆನ್ನುವಷ್ಟು ಇಳಿಕೆ ಕಾಣಲಿಲ್ಲ. ಆದರೆ ಆರೈಕೆದಾರರ ಮಾನಸಿಕ ಆರೋಗ್ಯ ಸುಧಾರಿಸಿತು, ರೋಗಿಯ ವರ್ತನೆಯಿಂದ ಅವರಿಗಾಗುತ್ತಿದ್ದ ಸಂಕಟ ಇಳಿಯಿತು. ಹೊರೆ ಅಷ್ಟೇ ಇದ್ದು, ಹೊತ್ತವರ ಬೇಗೆ ತಗ್ಗಿತು. ಇಂಥ ಬೆಂಬಲದಿಂದ ನಿರೀಕ್ಷಿಸಬಹುದಾದ ಲಾಭವೂ ಇದೇ, ಅದರ ಮಿತಿಯೂ ಇದೇ.

ಮಿತಿಯ ವಿಷಯವನ್ನು ತುಸು ಬಿಚ್ಚಿ ಹೇಳಬೇಕು. ನಿದ್ದೆ ಸಿಕ್ಕ ರಾತ್ರಿಯೂ ನಿದ್ದೆ ಬಾರದಿರುವುದು, ಊಟದ ರುಚಿ ಹೋಗುವುದು, ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲದಿರುವುದು, ‘ನಾನೇ ಇಲ್ಲದಿದ್ದರೆ ಒಳ್ಳೆಯದಿತ್ತು’ ಎಂಬ ಮಾತು ಬಾಯಿಗೆ ಬರುವುದು, ಇವು ಕಂಡರೆ ಅದು ಕೋಚಿಂಗಿನ ಕೆಲಸವಲ್ಲ, ವೈದ್ಯರ ಕೆಲಸ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಹಿರಿಯರ ವಿಷಯಗಳಿಗೆ 14567 ಇದೆ. ರೋಗಿಯ ಮೇಲೆ ಕೈಯೆತ್ತುವ ಹಂತಕ್ಕೆ ಬಂದವರಿಗೂ, ಮನೆಯಲ್ಲಿ ತಾವೇ ಹೊಡೆತ ತಿನ್ನುತ್ತಿರುವವರಿಗೂ ವಾರದ ಗುರಿ ಹಾಕಿಕೊಡುವುದು ಅನ್ಯಾಯ.

ಇನ್ನೊಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಅಂಥ ಯಾವ ನೋಂದಣಿಯೂ ಬೇಡ. ‘ಪಾಸಿಟಿವ್ ಆಗಿ ಯೋಚಿಸಿ’ ಎಂದು ಹೇಳಿ ಆರು ತಿಂಗಳ ಪ್ಯಾಕೇಜಿನ ಹಣ ಮುಂಗಡ ಕೇಳುವವರಿಂದ ದೂರವಿರುವುದೇ ಒಳ್ಳೆಯದು. ಯಾರಿಂದ ತರಬೇತಿ ಪಡೆದಿದ್ದೀರಿ, ನಿಮ್ಮ ಕೈಮೀರಿದಾಗ ಯಾರಿಗೆ ಒಪ್ಪಿಸುತ್ತೀರಿ ಎಂಬ ಎರಡು ಪ್ರಶ್ನೆಗಳಿಗೆ ಸರಳ ಉತ್ತರವಿಲ್ಲದವರೊಡನೆ ಮನೆಯ ಮಾತು ಆಡಬೇಕಾಗಿಲ್ಲ. ಮನೆಯ ಮಾತು ಎಂದಾಗ ಇನ್ನೊಂದು ನೆನಪಾಗುತ್ತದೆ: ಘಟ್ಟದ ಮೇಲೆ ಫೋನಿನ ಕೋಚಿಂಗ್ ಅನುಕೂಲವೆನ್ನುವವರು, ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ, ಅಲ್ಲಿ ನಿಂತು ಆಡಿದ ಮಾತು ಜಗಲಿಗೆಲ್ಲ ಕೇಳುತ್ತದೆ ಎಂಬುದನ್ನು ಮರೆಯುತ್ತಾರೆ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪವೆಂದರೆ, ಕೈಗಳ ಕೊರತೆಯನ್ನು ಮಾತಿನಿಂದ ತುಂಬಲು ಬರುವುದಿಲ್ಲ. ಹಂಚಿಕೊಳ್ಳಲು ಇನ್ನೊಬ್ಬರೇ ಇಲ್ಲದ ಮನೆಯಲ್ಲಿ, ಎಪ್ಪತ್ತರ ಹೆಂಡತಿ ಎಂಬತ್ತರ ಗಂಡನನ್ನು ಎತ್ತಿ ಕೂರಿಸುವಲ್ಲಿ, ಕೋಚಿಂಗ್ ಎಂಬುದು ಅದೇ ಹೊರೆಯನ್ನು ಅದೇ ಹೆಗಲ ಮೇಲೆ ನಯವಾಗಿ ಮತ್ತೆ ಏರಿಸುವ ಉಪಾಯವಾಗಿಬಿಡಬಹುದು. ಕಾನೂನು ಈ ಹೆಗಲನ್ನು ಅರೆಬರೆಯಾಗಿ ಗುರುತಿಸಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ, ಹಣ ಪಡೆದೋ ಪಡೆಯದೆಯೋ ಆರೈಕೆ ಮಾಡುವ ಕುಟುಂಬದವರನ್ನೂ ಆರೈಕೆದಾರರೆಂದು ಕರೆಯುತ್ತದೆ, ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆಯ ಮಾತನ್ನೂ ಎತ್ತುತ್ತದೆ. ಆದರೆ ತಂದೆತಾಯಿಯರ ಪೋಷಣೆಗಾಗಿ ಇರುವ 2007ರ ಕಾಯಿದೆಯಲ್ಲಿ ‘ಮಕ್ಕಳು’ ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಅಲ್ಲಿಲ್ಲ. ಕಾನೂನಿನಲ್ಲಿ ಯಾವ ಹೊಣೆಯೂ ಇಲ್ಲದವಳ ಮೇಲೆ ಮನೆಯಲ್ಲಿ ಎಲ್ಲ ಹೊಣೆಯೂ ಇದೆ ಎಂಬುದನ್ನು ಒಮ್ಮೆ ಮೈದುನನಿಗೂ ನಾದಿನಿಗೂ ಫೋನಿನಲ್ಲಿ ಓದಿ ಹೇಳಬಹುದು. ಪಾಳಿಯ ಚೀಟಿ ಬರೆಯುವಾಗ ಅದು ಉಪಯೋಗಕ್ಕೆ ಬಂದೀತು. ತಿಂಗಳಿಗೆ ಒಂದು ಭಾನುವಾರ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಬಂದು ತಂದೆಯ ಹತ್ತಿರ ಕೂರುವುದು ಮಗಳಿಗೆ ಕಷ್ಟವಾಗದೆ ಇರದು, ಆದರೆ ಅಸಾಧ್ಯವಲ್ಲ.

ಕೊನೆಯದಾಗಿ, ಈ ಕಾರ್ಯಕ್ರಮಗಳನ್ನು ರೂಪಿಸುವವರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಕಾಲವಿದೆ. ಮಾವ ತೀರಿಕೊಂಡು, ಹದಿಮೂರನೆಯ ದಿನದ ಊಟವಾಗಿ, ನೆಂಟರೆಲ್ಲ ಹೋದ ಮೇಲೆ, ಮಂಚವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ ಮನೆಯಲ್ಲಿ ಸೊಸೆಗೆ ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ. ಎದ್ದು ಕೂರುತ್ತಾಳೆ, ಹೋಗಬೇಕಾದ ಕೋಣೆ ಖಾಲಿ. ವರ್ಷಗಟ್ಟಲೆ ಮೈ ಕಲಿತದ್ದು ಕೆಲವೇ ದಿನಗಳಲ್ಲಿ ಬಿಟ್ಟುಹೋಗುವುದಿಲ್ಲ, ‘ಇನ್ನಾದರೂ ನಿನಗೆ ಬಿಡುಗಡೆ’ ಎಂದವರ ಮಾತು ಚುಚ್ಚುತ್ತಿರುತ್ತದೆ, ಹೊತ್ತು ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಆದ್ದರಿಂದ ಎಂಟು ಭೇಟಿಗಳ ಯೋಜನೆ ಹಾಕುವವರು ಎರಡನ್ನು ಆ ದಿನಗಳಿಗೆಂದು ಎತ್ತಿಡಬೇಕು.